ಎಣ್ಣೆ ಡಬ್ಬ, ಕಂಪ್ಯೂಟರ್ ಫ್ಯಾನ್, 4 ಕೆಜಿ ಈರುಳ್ಳಿ

ನಮ್ಮಮ್ಮ ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ-ಮಿರ್ಚಿ ಗಾಡಿ ಇಡುತ್ತಾರೆ. ಮಂಡಕ್ಕಿ ಭಟ್ಟಿಗಳ ಊರು ಇದು. ಇಲ್ಲಿ ಸಂಜೆ ಐದಾಯ್ತು ಅಂದ್ರೆ ಜನಕ್ಕೆ ಮಂಡಕ್ಕಿ ಬೇಕೇ ಬೇಕು. ನಮ್ಮದು ಸಣ್ಣ ಗಾಡಿ, ಎರಡು ಬೆಂಚು. ಅಷ್ಟಕ್ಕೇ ದಿನಕ್ಕೆ 4 ಕೆಜಿ ಈರುಳ್ಳಿ ಖರ್ಚಾಗುತ್ತದೆ. ಅದನ್ನೆಲ್ಲ ಅಮ್ಮ ಮಧ್ಯಾಹ್ನ ಊಟ ಆದ ಮೇಲೆ ಈಳಿಗೆ ಮಣೆ ಹಾಕಿಕೊಂಡು ಕೂತು ಒಬ್ಬರೇ ಹೆಚ್ಚುತ್ತಾರೆ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ.

ಹೋದ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಕಣ್ಣು ಉಜ್ಜಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದರು. ಒಂದು ತಿಂಗಳು ನಾನು, ನನ್ನ ಹೆಂಡತಿ ಸೇರಿ ಈರುಳ್ಳಿ ಹೆಚ್ಚಿದೆವು. ಅಮ್ಮ ಮೂವತ್ತು ವರ್ಷ ಏನು ಅನುಭವಿಸಿದ್ದಾರೆ ಅನ್ನೋದು ನನಗೆ ಗೊತ್ತಾಗಿದ್ದು ಆಗಲೇ. ಮೊದಲ ಅರ್ಧ ಕೆಜಿ ಹೇಗೋ ಮುಗಿಯುತ್ತದೆ. ಆಮೇಲೆ ಕಣ್ಣು ಬಿಡೋಕೇ ಆಗಲ್ಲ. ತಿಂಗಳಾದ ಮೇಲೆ ಅಮ್ಮ ಮತ್ತೆ ಮಣೆಯ ಮುಂದೆ ಕೂತು, ಸೆರಗಿನಿಂದ ಕಣ್ಣು ಒತ್ತಿಕೊಳ್ಳೋಕೆ ಶುರು ಮಾಡಿದಾಗ ನನಗೆ ತಡೆಯೋಕೆ ಆಗಲಿಲ್ಲ. ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಹಳೆ ಫ್ಯಾನು, ಅಡಾಪ್ಟರು, ವೈರು ಮನೆ ತುಂಬ ಬಿದ್ದಿರುತ್ತವೆ. ಅಮ್ಮನ ಕಣ್ಣುರಿ ತಪ್ಪಿಸೋಕೆ ಏನಾದರೂ ಮಾಡಲೇಬೇಕು ಅಂತ ಹೊರಟೆ.

ಮೆಷಿನ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ದಾರ ಎಳೆಯುವ ಚಾಪರ್ ತಂದಿದ್ದೆವು, ಮಿಕ್ಸಿಯಲ್ಲೂ ನೋಡಿದೆವು. ಎರಡೂ ಈರುಳ್ಳಿಯನ್ನು ಜಜ್ಜುತ್ತವೆ, ಜಜ್ಜಿದರೆ ನೀರು ಬಿಡುತ್ತದೆ. ಆ ನೀರು ಮಂಡಕ್ಕಿಗೆ ತಾಗಿದ ಎರಡೇ ನಿಮಿಷಕ್ಕೆ ಮಂಡಕ್ಕಿ ಮೆತ್ತಗಾಗುತ್ತದೆ. ಮಂಡಕ್ಕಿ ಗರಿಗರಿ ಇಲ್ಲ ಅಂದ್ರೆ ಗಿರಾಕಿ ನಾಳೆ ಬರಲ್ಲ. ಹೆಚ್ಚಿದ ಈರುಳ್ಳಿ ಒಣಗಿದಂತೆ, ಕಾಳು ಕಾಳಾಗಿ ಉದುರಬೇಕು. ಅರ್ಧ ಮಾಡಿ ನೀರಲ್ಲಿ ಹಾಕಿಡೋದೂ ಇದೇ ಕಾರಣಕ್ಕೆ ನಮಗೆ ಆಗಲಿಲ್ಲ. ಉರಿ ಕಮ್ಮಿ ಆಗುವುದೇನೋ ನಿಜ. ಮನೆ ಸಾಂಬಾರಿಗೆ ಎರಡು ಈರುಳ್ಳಿ ಹೆಚ್ಚುವವರಿಗೆ ಅದೇ ಸಾಕು. ಫ್ರಿಡ್ಜಿನಲ್ಲಿಟ್ಟು ತಣ್ಣಗೆ ಮಾಡಿ ಹೆಚ್ಚಿ ಅಂತಲೂ ಹೇಳುತ್ತಾರೆ, ಆದರೆ ದಿನಾ 4 ಕೆಜಿ ಇಡೋಕೆ ಜಾಗ ಇಲ್ಲ. ಈಜುವ ಕನ್ನಡಕ ತಂದುಕೊಟ್ಟೆ, ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅಮ್ಮನಿಗೆ ಹತ್ತಿರದ್ದು ಕಾಣೋಕೆ ಓದುವ ಕನ್ನಡಕ ಬೇಕು. ಒಂದರ ಮೇಲೊಂದು ಹಾಕೋಕೆ ಆಗಲ್ಲ, ಒಳಗೆ ಮಬ್ಬು ಬೇರೆ ಕಟ್ಟುತ್ತದೆ. ಎದುರಿಗೆ ಹರಿತವಾದ ಅಲಗು ಇರುವಾಗ ಮಬ್ಬುಗಣ್ಣಲ್ಲಿ ಕೂರಿಸೋಕೆ ನನಗೆ ಧೈರ್ಯ ಬರಲಿಲ್ಲ.

ಬಾಯಲ್ಲಿ ಬ್ರೆಡ್ ತುಂಡು ಕಚ್ಚಿಕೊಳ್ಳೋದು, ಪಕ್ಕದಲ್ಲಿ ದೀಪ ಹಚ್ಚಿಡೋದು, ಇವನ್ನೂ ಮಾಡಿ ನೋಡಿದೆವು. ಏನೂ ವ್ಯತ್ಯಾಸ ಕಾಣಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಕೇಳಿದರು: "ಬೆಳ್ಳುಳ್ಳಿ ವಾಸನೆ ಇದಕ್ಕಿಂತ ಜಾಸ್ತಿ. ಅದನ್ನ ಜಜ್ಜಿದ್ರೆ ಯಾಕೆ ಕಣ್ಣೀರು ಬರಲ್ಲ?" ಒಳ್ಳೆ ಪ್ರಶ್ನೆ. ಉತ್ತರ ಹುಡುಕಿಕೊಂಡು ಕೂತೆ. ಅರ್ಥವಾಗಿದ್ದನ್ನು ಅಮ್ಮನಿಗೆ ಹೇಳಿದಂತೆಯೇ ಇಲ್ಲೂ ಹೇಳುತ್ತೇನೆ. ಈರುಳ್ಳಿಯ ಒಂದೊಂದು ಜೀವಕೋಶದಲ್ಲೂ ಗಂಧಕ ಇರುವ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆಯಾಗಿ ಇರುತ್ತವೆ. ಅಲಗು ತಾಗಿ ಗೋಡೆ ಹರಿದಾಗ ಎರಡೂ ಬೆರೆಯುತ್ತವೆ. ಅಲ್ಲಿಗೆ ನಿಂತಿದ್ದರೆ ಬರೀ ವಾಸನೆ ಬರುತ್ತಿತ್ತು. ಆದರೆ ಈರುಳ್ಳಿಯಲ್ಲಿ ಎರಡನೇ ಕಿಣ್ವವೂ ಒಂದಿದೆ. ಅದು ಈ ವಸ್ತುವನ್ನು ಕಣ್ಣು ಉರಿಸುವ ಆವಿಯಾಗಿ ಮಾಡಿ ಗಾಳಿಗೆ ಬಿಡುತ್ತದೆ. ಈ ಎರಡನೇ ಕಿಣ್ವವನ್ನು ಜಪಾನಿನ ಹೌಸ್ ಫುಡ್ಸ್ ಕಂಪನಿಯ ಸಂಶೋಧಕರು 2002ರಲ್ಲಿ ಪತ್ತೆ ಮಾಡಿದರು. ಅಲ್ಲಿಯವರೆಗೆ ಮೊದಲನೆಯದೇ ಎಲ್ಲ ಕೆಲಸ ಮಾಡುತ್ತದೆ ಅಂತ ತಿಳಿದಿದ್ದರು. ಬೆಳ್ಳುಳ್ಳಿಯಲ್ಲಿ ಈ ಎರಡನೇ ಕಿಣ್ವ ಇಲ್ಲ. ಆ ಆವಿ ಕಣ್ಣಿನ ಹೊರಮೈಯಲ್ಲಿರುವ ನರಗಳಿಗೆ ತಾಗುತ್ತದೆ, ಅದನ್ನು ತೊಳೆಯೋಕೆ ಕಣ್ಣು ನೀರು ಸುರಿಸುತ್ತದೆ. ಅಷ್ಟೇ.

ಇದನ್ನು ಓದಿದ ಮೇಲೆ ನನಗೆ ಎರಡು ದಾರಿ ಕಂಡವು. ಜೀವಕೋಶ ಜಾಸ್ತಿ ಹರಿಯದ ಹಾಗೆ ಹೆಚ್ಚಬೇಕು. ಎದ್ದ ಆವಿ ಮುಖಕ್ಕೆ ಬರುವ ಮುಂಚೆ ಅದನ್ನು ಬೇರೆ ಕಡೆ ಎಳೆದುಕೊಳ್ಳಬೇಕು.

ಮೊದಲು ಅಲಗು. ನಮ್ಮ ಈಳಿಗೆ ಮಣೆ ಅಜ್ಜಿ ಕಾಲದ್ದು. ಹುಣಸೆ ಮರದ ಮಣೆ, ಕಬ್ಬಿಣದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಅಮ್ಮ ಅದನ್ನು ದಿನಾ ತೊಳೆದು ಒರೆಸಿಡುತ್ತಾರೆ, ತುಕ್ಕು ಇಲ್ಲ. ಆದರೆ ಬಾಯಿ ಪೂರ್ತಿ ಮೊಂಡು. ಬೆಳಕಿಗೆ ಹಿಡಿದರೆ ಬಾಯಿಯ ಉದ್ದಕ್ಕೂ ಬಿಳಿ ಗೆರೆ ಹೊಳೆಯುತ್ತಿತ್ತು. ಹರಿತವಾದ ಬಾಯಿ ಬೆಳಕಿಗೆ ಹೊಳೆಯಲ್ಲ, ಹೊಳೆದರೆ ಅಲ್ಲಿ ಚಪ್ಪಟೆ ಆಗಿದೆ ಅಂತಲೇ ಅರ್ಥ. ಈರುಳ್ಳಿಯನ್ನು ಅದಕ್ಕೆ ಒತ್ತಿದರೆ ಮೊದಲು ಪದರ ಬಗ್ಗುತ್ತಿತ್ತು, ಆಮೇಲೆ ಚಟ್ ಅಂತ ಹರಿಯುತ್ತಿತ್ತು. ಆ ಚಟ್ ಅನ್ನುವಾಗ ಸಣ್ಣ ಹನಿಗಳು ಹಾರೋದು ಕಿಟಕಿ ಬೆಳಕಲ್ಲಿ ಕಣ್ಣಿಗೇ ಕಾಣುತ್ತಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನೇ ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು 2025ರಲ್ಲಿ ಪ್ರಕಟಿಸಿದ್ದಾರೆ. ಅಲಗು ಮೊಂಡಾದಷ್ಟೂ ಹನಿಗಳು ಜಾಸ್ತಿ, ಹೆಚ್ಚುವ ವೇಗ ಜಾಸ್ತಿಯಾದರೂ ಹನಿಗಳು ಜಾಸ್ತಿ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಬೇಗ ಮುಗಿಯಲಿ ಅಂತ ಅಲಗನ್ನು ಕರೆಂಟಿನ ಗ್ರೈಂಡರಿಗೆ ಹಿಡಿದೆ. ತುದಿ ತೆಳುವಾಗಿತ್ತು, ಮೂರನೇ ಸಲ ಎಳೆಯುವಾಗ ಸುಮಾರು ಒಂದಿಂಚು ಜಾಗ ನೀಲಿ ಬಣ್ಣಕ್ಕೆ ತಿರುಗಿತು. ಉಕ್ಕು ನೀಲಿಯಾಯಿತು ಅಂದ್ರೆ ಸುಮಾರು 300 ಡಿಗ್ರಿ ಕಾದಿದೆ, ಅದರ ಹದ ಹೋಗಿದೆ ಅಂತ ಅರ್ಥ. ಹದ ಹೋದ ಬಾಯಿ ಎಷ್ಟೇ ಮಸೆದರೂ ಎರಡು ದಿನಕ್ಕೆ ಮೊಂಡಾಗುತ್ತದೆ. ಅಜ್ಜಿಯ ಮಣೆ ಹಾಳು ಮಾಡಿದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕುಲುಮೆಗೆ ಒಯ್ದೆ. ಕಮ್ಮಾರರು ಅಲಗನ್ನು ಮಣೆಯಿಂದ ಬಿಚ್ಚಿ, ಬಾಯಿಯ ಭಾಗವನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿದರು. ಆಮೇಲೆ ಕೆಂಡದ ಪಕ್ಕದಲ್ಲಿ ಹಿಡಿದು, ಒಣ ಹುಲ್ಲಿನ ತಿಳಿ ಹಳದಿ ಬಣ್ಣ ಬರುವವರೆಗೆ ಮೆಲ್ಲಗೆ ಬಿಸಿ ಮಾಡಿ ಕೊಟ್ಟರು. ಗ್ರೈಂಡರಿಗೆ ಹಿಡಿಯೋದೇ ಆದರೆ ಪ್ರತಿ ಸಲಕ್ಕೂ ನೀರಲ್ಲಿ ಅದ್ದಬೇಕು, ಬೆರಳಿಗೆ ಬಿಸಿ ತಾಗಿತು ಅಂದ್ರೆ ನಿಲ್ಲಿಸಬೇಕು ಅಂತ ಹೇಳಿದರು. ನಾನು ಆಮೇಲೆ ಗ್ರೈಂಡರ್ ಮುಟ್ಟಲಿಲ್ಲ.

ಸಾಣೆ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಮುಖ ಒರಟು, ಇನ್ನೊಂದು ನಯ ಇರುವ ಬೂದು ಬಣ್ಣದ ಕಾರ್ಬೊರಂಡಂ ಕಲ್ಲು ಸಾಕು. ಚಾಕು ಆದರೆ ಕಲ್ಲಿನ ಮೇಲೆ ಚಾಕು ಎಳೆಯುತ್ತೇವೆ. ಈಳಿಗೆ ಮಣೆಯ ಅಲಗು ಬಾಗಿರುತ್ತದೆ, ಮಣೆಗೇ ಕೂತಿರುತ್ತದೆ. ಅದಕ್ಕೆ ಕಲ್ಲನ್ನೇ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಎಳೆಯಬೇಕು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದೆ. ಕಲ್ಲು ಒದ್ದೆ ಮಾಡಿ, ಅಲಗಿನ ಮೈಗೆ ಒರಗಿಸಿ, ಬೆನ್ನಿನ ಕಡೆ ಒಂದು ರೂಪಾಯಿಯ ಎರಡು ನಾಣ್ಯ ಹಿಡಿಸುವಷ್ಟು ಎತ್ತಿ, ಬುಡದಿಂದ ತುದಿಗೆ ಎಳೆಯುತ್ತಾ ಹೋದೆ. ಬೆರಳು ಯಾವಾಗಲೂ ಕಲ್ಲಿನ ಹಿಂದೆ ಇರಬೇಕು, ಅಂಚಿಗೆ ಬರಬಾರದು. ಒಂದು ಮಗ್ಗುಲು ಸಾಕಷ್ಟು ಆಯಿತು ಅಂತ ತಿಳಿಯೋದು ಹೇಗೆ? ಆಚೆ ಮಗ್ಗುಲಲ್ಲಿ ಬಾಯಿಯ ಉದ್ದಕ್ಕೂ ಕೂದಲೆಳೆಯಷ್ಟು ಉಕ್ಕು ಮಡಚಿ ನಿಂತಿರುತ್ತದೆ. ಬೆರಳಿನ ಉಗುರನ್ನು ಅಲಗಿನ ಮೈಯಿಂದ ಬಾಯಿಯ ಆಚೆಗೆ ಜಾರಿಸಿದರೆ ಅದು ತಡೆಯುತ್ತದೆ. ಬುಡದಿಂದ ತುದಿವರೆಗೂ ಹಾಗೆ ತಡೆದರೆ ಮಾತ್ರ ಇನ್ನೊಂದು ಮಗ್ಗುಲಿಗೆ ಹೋಗಬೇಕು. ನನಗೆ ಒರಟು ಮುಖದಲ್ಲಿ ಒಂದು ಮಗ್ಗುಲಿಗೇ ಇಪ್ಪತ್ತು ನಿಮಿಷ ಬೇಕಾಯಿತು. ಮೊಂಡಾಗಿ ಅಷ್ಟು ವರ್ಷ ಆಗಿತ್ತು. ಆಮೇಲೆ ನಯ ಮುಖದಲ್ಲಿ ಎರಡೂ ಕಡೆ ಒಂದಾದ ಮೇಲೊಂದು, ಹಗುರ ಕೈಯಲ್ಲಿ. ಕೊನೆಗೆ ಹಳೇ ಬೆಲ್ಟಿನ ಚರ್ಮದಿಂದ ಹತ್ತು ಸಲ ಸವರಿದೆ.

ಟೊಮೆಟೊ ಸಿಪ್ಪೆಯಲ್ಲಿ ಪರೀಕ್ಷೆ ಮಾಡಿದೆ. ಒತ್ತದೆ, ಸುಮ್ನೆ ಅಲಗಿನ ಮೇಲೆ ಇಟ್ಟು ಎಳೆದರೆ ಸಿಪ್ಪೆ ಬಿಟ್ಟುಕೊಳ್ಳಬೇಕು. ಬಿಟ್ಟುಕೊಂಡಿತು.

ಒಂದು ಎಚ್ಚರಿಕೆ. ಮೊದಲ ದಿನವೇ ಅಮ್ಮನ ಹೆಬ್ಬೆರಳು ಕುಯ್ದಿತು. ಮೂವತ್ತು ವರ್ಷ ಮೊಂಡು ಅಲಗಿಗೆ ಒತ್ತಿ ಒತ್ತಿ ಕೈ ಆ ಬಲಕ್ಕೆ ಪಳಗಿತ್ತು. ಈರುಳ್ಳಿ ತಡೆಯಿಲ್ಲದೆ ಜಾರಿದಾಗ ಕೈ ಮುಂದಕ್ಕೆ ಹೋಯಿತು. ಮುಂಚೆಯೇ ಹೇಳಬೇಕಿತ್ತು ಅಂತ ಈಗಲೂ ಬೇಜಾರಿದೆ. ನೀವು ಮನೆಯವರ ಚಾಕು ಮಸೆದರೆ, ಅವರು ಮುಟ್ಟುವ ಮುಂಚೆಯೇ ಅವರಿಗೆ ಹೇಳಿ.

ಇನ್ನು ಗಾಳಿ. ಮೊದಲು ಟೇಬಲ್ ಫ್ಯಾನ್ ಪಕ್ಕದಲ್ಲಿಟ್ಟು ನೋಡಿದೆ. ಅಮ್ಮನಿಗೆ ಉರಿ ಕಮ್ಮಿಯಾಯಿತು, ಆದರೆ ಅಡುಗೆಮನೆಯಲ್ಲಿದ್ದ ಉಳಿದವರೆಲ್ಲರಿಗೂ ಉರಿ ಹತ್ತಿತು. ಸಿಪ್ಪೆ ಮನೆ ತುಂಬ ಹಾರಿತು. ಊದೋದು ಬೇಡ, ಎಳೆದುಕೊಂಡು ಕಿಟಕಿ ಆಚೆ ಬಿಡೋಣ ಅಂತ ನಿರ್ಧರಿಸಿದೆ.

ಸಾಮಾನು ಇಷ್ಟೇ: ಹಳೆ ಕಂಪ್ಯೂಟರ್ ಡಬ್ಬದ 120 ಮಿಲಿಮೀಟರ್ ಫ್ಯಾನು, ಕೆಟ್ಟ ರೂಟರಿನ 12 ವೋಲ್ಟ್ 1 ಆಂಪಿಯರ್ ಅಡಾಪ್ಟರು, ಚಿಮಣಿಗೆ ಹಾಕುವ ಮಡಚುವ ಅಲ್ಯೂಮಿನಿಯಂ ಪೈಪು, ಮತ್ತೆ 15 ಕೆಜಿ ಎಣ್ಣೆ ಡಬ್ಬ. ಮಿರ್ಚಿ ಗಾಡಿ ಇರುವ ಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಬರ ಇಲ್ಲ. ಡಬ್ಬ ಸುಮಾರು 9 ಇಂಚು ಚೌಕ, 14 ಇಂಚು ಉದ್ದ. ಅದನ್ನು ಮಲಗಿಸಿ, ಉದ್ದನೆಯ ಒಂದು ಮುಖ ಪೂರ್ತಿ ಕತ್ತರಿಸಿ ತೆಗೆದೆ. ಎದುರಿನ ಮುಖದ ನಡುವೆ 115 ಮಿಲಿಮೀಟರ್ ಅಡ್ಡಳತೆಯ ತೂತು ಕೊರೆದೆ. ಅಲ್ಲಿ ಫ್ಯಾನು ಕೂರಿಸುವ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರ 105 ಮಿಲಿಮೀಟರ್. ಕತ್ತರಿಸಿದ ತಗಡಿನ ಅಂಚು ಬ್ಲೇಡಿನ ಹಾಗೆ ಕುಯ್ಯುತ್ತದೆ. ಅಂಚನ್ನೆಲ್ಲ ಒಳಗೆ ಮಡಚಿ ಬಡಿದು, ಮೇಲೆ ಉದ್ದಕ್ಕೆ ಸೀಳಿದ ನೀರಿನ ಪೈಪು ತೊಡಿಸಿದೆ. ಫ್ಯಾನಿನ ಮೈ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕು ತೋರಿಸುತ್ತದೆ, ಅದು ಹೊರಗೆ ಮುಖ ಮಾಡಿರಬೇಕು. ಕೆಂಪು ವೈರು ಪ್ಲಸ್, ಕಪ್ಪು ಮೈನಸ್. ಮೂರನೇದು ಹಳದಿ ಇದ್ದರೆ ಅದನ್ನು ಬಿಟ್ಟು ಟೇಪು ಸುತ್ತಿ. ಒದ್ದೆ ನೆಲ, ಒದ್ದೆ ಕೈ ಇರುವ ಜಾಗ ಇದು. 12 ವೋಲ್ಟಿಗಿಂತ ಜಾಸ್ತಿ ಏನನ್ನೂ ಹತ್ತಿರ ತರಬೇಡಿ. ಅಡಾಪ್ಟರು ಗೋಡೆಯ ಮೇಲೇ ಎತ್ತರದಲ್ಲಿರಲಿ.

ಶುರು ಮಾಡಿದ ದಿನ ಏನೂ ಪ್ರಯೋಜನ ಆಗಲಿಲ್ಲ. ಫ್ಯಾನು ತಿರುಗುತ್ತಿದೆ, ಅಮ್ಮ ಅಳುತ್ತಿದ್ದಾರೆ. ಒಂದು ಊದುಬತ್ತಿ ಹಚ್ಚಿ ಈಳಿಗೆ ಮಣೆಯ ಹತ್ತಿರ ಹಿಡಿದೆ. ಹೊಗೆ ನೇರ ಮೇಲಕ್ಕೆ, ಅಮ್ಮನ ಮುಖ ಇರುವ ಕಡೆಗೇ ಹೋಯಿತು. ಡಬ್ಬದ ಕಡೆ ಬಾಗಲೇ ಇಲ್ಲ. ಆಮೇಲೆ ಫ್ಯಾನಿನಿಂದ ಕಿಟಕಿಗೆ ಹಾಕಿದ್ದ ಪೈಪಿನ ಆ ತುದಿಗೆ ಹೋಗಿ ಕೈ ಹಿಡಿದೆ, ಗಾಳಿ ಇದೆಯೋ ಇಲ್ಲವೋ ಅನ್ನುವಷ್ಟು. ಪೈಪು ಹತ್ತು ಅಡಿ ಇತ್ತು, ಎರಡು ಕಡೆ ತಿರುವು. ಕಂಪ್ಯೂಟರ್ ಫ್ಯಾನು ಗಾಳಿಯನ್ನು ಸರಿಸುತ್ತದೆ, ದೂರ ತಳ್ಳುವ ಬಲ ಅದಕ್ಕಿಲ್ಲ. ಮಣೆಯನ್ನೇ ಕಿಟಕಿ ಹತ್ತಿರಕ್ಕೆ ಒಯ್ದು, ಪೈಪನ್ನು ಎರಡೂವರೆ ಅಡಿಗೆ ಕತ್ತರಿಸಿ, ಸುಕ್ಕಿಲ್ಲದ ಹಾಗೆ ಬಿಗಿಯಾಗಿ ಎಳೆದು ಕಟ್ಟಿದೆ. ಈಗ ಪೈಪಿನ ತುದಿಯಲ್ಲಿ ಕಾಗದ ಪಟಪಟ ಅಂದಿತು.

ಆದರೂ ಹೊಗೆ ಸ್ವಲ್ಪವೇ ಬಾಗಿತು. ಇಲ್ಲಿ ನನಗೆ ತಿಳಿದ ವಿಷಯ ಬಹಳ ದೊಡ್ಡದು. ಮೇಣದ ಬತ್ತಿಯನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸೋಕೆ ಹೋಗಿ, ಜ್ವಾಲೆ ಅಲುಗಾಡೋದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ನೇರ ಹೋಗುತ್ತದೆ. ಎಳೆಯುವಾಗ ಸುತ್ತಮುತ್ತಲಿನ ಎಲ್ಲ ಕಡೆಯಿಂದಲೂ ಗಾಳಿ ಬರುತ್ತದೆ, ಸ್ವಲ್ಪ ದೂರದಲ್ಲೇ ಅದರ ವೇಗ ಸತ್ತುಹೋಗುತ್ತದೆ. ಕಾರ್ಖಾನೆಗಳಿಗೆ ಗಾಳಿ ವ್ಯವಸ್ಥೆ ಮಾಡುವವರ ಲೆಕ್ಕದಲ್ಲಿ, ಎಳೆಯುವ ಬಾಯಿ ಎಷ್ಟು ಅಗಲ ಇದೆಯೋ ಅಷ್ಟೇ ದೂರ ಹೋದರೆ ವೇಗ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅಡುಗೆಮನೆಯ ಗೋಡೆಯ ಮೇಲಿನ ಎಕ್ಸಾಸ್ಟ್ ಫ್ಯಾನು ಈರುಳ್ಳಿ ಹೆಚ್ಚುವವರ ಕಣ್ಣು ಕಾಯದೇ ಇರೋದು ಇದೇ ಕಾರಣಕ್ಕೆ.

ಹಾಗಾಗಿ ಡಬ್ಬವನ್ನು ಅಲಗಿನ ಹತ್ತಿರಕ್ಕೆ, ನಾಲ್ಕು ಇಂಚಿಗೆ ತಂದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಡಬ್ಬದ ಬಾಯಿ 14 ಇಂಚು ಅಗಲ, 9 ಇಂಚು ಎತ್ತರ. ಅಷ್ಟು ದೊಡ್ಡ ಬಾಯಲ್ಲಿ ಫ್ಯಾನಿನ ಗಾಳಿ ಹರಡಿ ತೆಳ್ಳಗಾಗುತ್ತಿತ್ತು. ಮೇಲಿನ 6 ಇಂಚನ್ನು ತಗಡಿನಿಂದ ಮುಚ್ಚಿ, ಕೆಳಗೆ 3 ಇಂಚಿನ ಸೀಳು ಮಾತ್ರ ಬಿಟ್ಟೆ. ಊದುಬತ್ತಿ ಹಿಡಿದೆ. ಹೊಗೆ ಎರಡು ಬೆರಳಷ್ಟು ಮೇಲೆದ್ದು, ಹಗ್ಗ ಕಟ್ಟಿ ಎಳೆದ ಹಾಗೆ ಬಾಗಿ ಸೀಳಿನೊಳಗೆ ಹೋಯಿತು. ಅಮ್ಮನನ್ನು ಕರೆದು ತೋರಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ನೋಡುತ್ತಾ ಕೂತೆವು.

ಅವತ್ತು ಕಣ್ಣೀರು ಅರ್ಧ ನಿಂತಿತು. ಪೂರ್ತಿ ಯಾಕೆ ನಿಲ್ಲಲಿಲ್ಲ ಅನ್ನೋದನ್ನು ಕಂಡುಹಿಡಿದಿದ್ದು ಅಮ್ಮನೇ. ಹೆಚ್ಚೋದು ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಾ ಕೂತಿದ್ದರು. ಆಗಲೂ ಕಣ್ಣು ಉರಿಯುತ್ತಿತ್ತು. "ಉರಿ ಬರ್ತಿರೋದು ಕೈಯಲ್ಲಿರೋ ಈರುಳ್ಳಿಯಿಂದ ಅಲ್ಲ ಕಣೋ, ಬೋಗುಣಿಯಿಂದ" ಅಂದರು. ಹೌದಲ್ವಾ! ಕೈಯಲ್ಲಿರೋದು ಒಂದು ಈರುಳ್ಳಿ. ಅಲಗಿನ ಕೆಳಗಿನ ಬೋಗುಣಿಯಲ್ಲಿ ಆಗ ತಾನೇ ಹೆಚ್ಚಿದ ಎರಡು ಕೆಜಿ ರಾಶಿ ಬಿದ್ದಿದೆ. ಸಣ್ಣಗೆ ಹೆಚ್ಚಿದಷ್ಟೂ ಅದರ ಹಸಿ ಮೈ ಜಾಸ್ತಿ. ಅದೆಲ್ಲ ಅಮ್ಮನ ಮುಖದ ಕೆಳಗೇ ಆವಿ ಬಿಡುತ್ತಾ ಕೂತಿರುತ್ತದೆ. ನಾನು ಇಷ್ಟು ದಿನ ಅಲಗನ್ನೇ ನೋಡುತ್ತಿದ್ದೆ.

ಒಂದು ಹಳೆ ಪ್ಲಾಸ್ಟಿಕ್ ಫೈಲಿನ ಪಾರದರ್ಶಕ ಹಾಳೆ ತಗೊಂಡು ಡಬ್ಬದ ಮುಂದೆ ಸೂರಿನ ಹಾಗೆ ಕಟ್ಟಿದೆ. ಅದು ಬೋಗುಣಿಯ ಆಚೆ ಅರ್ಧವನ್ನು ಮುಚ್ಚುತ್ತದೆ. ಅಲಗಿನ ಕೆಳಗೆ ಬಿದ್ದ ಈರುಳ್ಳಿಯನ್ನು ಅಮ್ಮ ಆಗಾಗ ಕೈಯಿಂದ ಸೂರಿನ ಕೆಳಗೆ ತಳ್ಳುತ್ತಾರೆ. ರಾಶಿಯ ಆವಿ ಮೇಲೇಳೋಕೆ ದಾರಿ ಇಲ್ಲದೆ ಸೀಳಿನೊಳಗೆ ಹೋಗುತ್ತದೆ. ಇಡೀ ಕೆಲಸದಲ್ಲಿ ಕಮ್ಮಿ ಖರ್ಚಿನ ಭಾಗ ಇದು, ಜಾಸ್ತಿ ಉಪಯೋಗಕ್ಕೆ ಬಂದಿದ್ದೂ ಇದೇ. ಡಬ್ಬ, ಫ್ಯಾನು ಮಾಡೋಕೆ ಆಗದವರು ಹೆಚ್ಚಿದ್ದನ್ನು ಆಗಿಂದಾಗ್ಗೆ ಮುಚ್ಚಳದ ಪಾತ್ರೆಗೆ ಹಾಕಿ ದೂರ ಇಟ್ಟರೂ ಎಷ್ಟೋ ವಾಸಿ.

ನಿಜವಾಗಿ ಕಮ್ಮಿಯಾಗಿದೆಯಾ, ನನ್ನ ಸಮಾಧಾನಕ್ಕೆ ಅಮ್ಮ ಹೇಳುತ್ತಿದ್ದಾರಾ ಅಂತ ಒಂದು ಅನುಮಾನ ಇತ್ತು. ಅದಕ್ಕೆ ಪ್ರತಿ ಹಂತದಲ್ಲೂ ಒಂದು ಕೆಜಿ ಹೆಚ್ಚುವಾಗ ಪಕ್ಕದಲ್ಲಿ ಕೂತು, ಸೆರಗು ಕಣ್ಣಿಗೆ ಹೋದಾಗಲೆಲ್ಲ ಒಂದು ಶೇಂಗಾ ಕಾಳು ಲೋಟಕ್ಕೆ ಹಾಕಿದ್ದೆ. ಮೊಂಡು ಅಲಗು, ಡಬ್ಬ ಇಲ್ಲ: 11 ಕಾಳು. ಅಲಗು ಮಸೆದ ಮೇಲೆ 6. ಡಬ್ಬ ಸರಿಯಾಗಿ ಕೂತ ಮೇಲೆ 3. ಸೂರು ಕಟ್ಟಿದ ಮೇಲೆ ಒಂದು ಕಾಳು, ಕೆಲವು ದಿನ ಲೋಟ ಖಾಲಿ. ಮೊಂಡು ಅಲಗಿಗೆ ಡಬ್ಬ ಇಟ್ಟರೆ ಎಷ್ಟು ಅನ್ನುವ ಲೆಕ್ಕ ಇಲ್ಲ. ಅಷ್ಟು ಕಷ್ಟಪಟ್ಟು ಮಸೆದ ಅಲಗನ್ನು ಮತ್ತೆ ಮೊಂಡು ಮಾಡೋಕೆ ಮನಸ್ಸು ಬರಲಿಲ್ಲ. ಈರುಳ್ಳಿ ಎಲ್ಲ ದಿನ ಒಂದೇ ತರ ಇರಲ್ಲ ಅನ್ನೋದೂ ನಿಜ. ಚಿತ್ರದುರ್ಗ, ಜಗಳೂರು ಕಡೆಯ ಹೊಸ ಮಾಲಿಗೂ, ಮಹಾರಾಷ್ಟ್ರದಿಂದ ಬರುವ ಕೂಡಿಟ್ಟ ಮಾಲಿಗೂ ಖಾರ ಬೇರೆ. ಗಂಧಕ ಜಾಸ್ತಿ ಇರುವ ಮಣ್ಣಲ್ಲಿ ಬೆಳೆದದ್ದು ಜಾಸ್ತಿ ಖಾರ. ನಾನು ಎಣಿಸಿದ ನಾಲ್ಕೂ ಹಂತದಲ್ಲಿ ಒಂದೇ ಚೀಲದ ಈರುಳ್ಳಿ.

ಮೊದಲು 4 ಕೆಜಿಗೆ ಒಂದೂಕಾಲು ಗಂಟೆ ಹಿಡಿಯುತ್ತಿತ್ತು, ನಡುವೆ ಮೂರು ನಾಲ್ಕು ಸಲ ಎದ್ದು ಮುಖ ತೊಳೆದು ಬರುತ್ತಿದ್ದರು. ಈಗ ಐವತ್ತು ನಿಮಿಷ. ಈರುಳ್ಳಿ ಜಜ್ಜದೆ ಬರುವುದರಿಂದ ನೀರೂ ಕಮ್ಮಿ. ಮಂಡಕ್ಕಿ ಕೊನೆ ತುತ್ತಿನವರೆಗೂ ಗರಿಗರಿ ಇರುತ್ತದೆ ಅಂತ ಒಬ್ಬ ಹಳೆ ಗಿರಾಕಿ ಕೇಳದೆಯೇ ಹೇಳಿದರು. ಅವರಿಗೆ ಡಬ್ಬದ ವಿಷಯ ಗೊತ್ತಿಲ್ಲ.

ಮೂರು ತಿಂಗಳಾಯಿತು. ಈ ನಡುವೆ ಆದ ರಿಪೇರಿ ಎರಡೇ. ಎರಡನೇ ವಾರ ಈರುಳ್ಳಿ ಸಿಪ್ಪೆ ಒಳಗೆ ಹೋಗಿ ಫ್ಯಾನು ನಿಂತಿತು. ಸೀಳಿಗೆ ಸೊಳ್ಳೆ ಪರದೆ ಅಂಟಿಸಿದೆ, ಆಮೇಲೆ ತೊಂದರೆ ಇಲ್ಲ. ಪರದೆಯನ್ನು ವಾರಕ್ಕೊಮ್ಮೆ ತೊಳೆಯಬೇಕು. ಡಬ್ಬದ ತಳದಲ್ಲಿ ಈರುಳ್ಳಿ ರಸ ಬಿದ್ದ ಕಡೆ ತುಕ್ಕು ಶುರುವಾಗಿತ್ತು, ಉಜ್ಜಿ ಬಣ್ಣ ಹೊಡೆದೆ. ಅಲಗಿಗೆ ಭಾನುವಾರ ಭಾನುವಾರ ನಯ ಮುಖದಲ್ಲಿ ಐದು ನಿಮಿಷ ಸಾಕು.

ಪಕ್ಕದ ಗಾಡಿಯವರು ಬಂದು ನೋಡಿ ತಮಗೂ ಒಂದು ಬೇಕು ಅಂದಿದ್ದಾರೆ. ಅವರು ನಿಂತುಕೊಂಡು ಚಾಕುವಿನಲ್ಲಿ ಹೆಚ್ಚುವವರು. ಹೆಚ್ಚುವ ಹಲಗೆ ಮೇಜಿನ ಮೇಲಿರುತ್ತದೆ, ರಾಶಿ ಬೋಗುಣಿಗೆ ಬೀಳದೆ ಹಲಗೆಯ ಬಲಗಡೆ ಗುಡ್ಡೆಯಾಗುತ್ತದೆ. ಹಾಗಾಗಿ ಸೀಳು ಎದುರಿಗೆ ಬೇಡ, ಬಲಗಡೆ ಬರಬೇಕು. ಅಳತೆ ತಗೊಂಡು ಬಂದಿದ್ದೇನೆ. ಡಬ್ಬ ಕತ್ತರಿಸಿ ಅಂಚು ಬಡಿದಾಗಿದೆ. ಫ್ಯಾನು ಒಂದು ಸಿಗಬೇಕು.